ಫಟಫಟಿಯ ಜೀರ್ಣೋದ್ಧಾರ

ಗೃಹಸ್ಥರ ಮನೆಗಳಲ್ಲಿ ಬಳಕೆಗೂ ಬಾರದ, ಎಸೆಯುವುದಕ್ಕೂ ಮನಸ್ಸೊಪ್ಪದ ವಸ್ತುವೊಂದು ಇದ್ದೇ ಇರುವುದು. ಕೆಲವರಲ್ಲಿ ಅದು ಹಿರಿಯರ ಕಾಲದ ಬೀಸುವ ಕಲ್ಲು. ಕೆಲವರಲ್ಲಿ ಕೂಸಿಲ್ಲದ ತೊಟ್ಟಿಲು. ಮತ್ತೆ ಕೆಲವರಲ್ಲಿ ನಿಂತುಹೋದ ಗಡಿಯಾರ. ನಮ್ಮಲ್ಲಿ ಆ ಸ್ಥಾನವು 1971ರಲ್ಲಿ ಮೈಸೂರಿನಲ್ಲಿ ತಯಾರಾದ ಜಾವಾ ಮೋಟಾರ್ ಸೈಕಲ್ಲೊಂದಕ್ಕೆ ಸಂದಿತ್ತು. ನಮ್ಮ ಕಡೆಯ ಜನರು ಇಂಥ ವಾಹನವನ್ನು ಅದರ ಸದ್ದಿನ ಮೇಲಿಂದ ‘ಫಟಫಟಿ’ ಎಂದು ಕರೆಯುತ್ತಿದ್ದರು. ಅನುಕರಣಶಬ್ದವು ನಾಮಪದವಾಗಿ ನಿಂತುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ನಮ್ಮ ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ನಮಗೆ ದೊರೆತಿಲ್ಲ. 2024ರಲ್ಲಿ ನಾವು ಸೇವೆಯಿಂದ ನಿವೃತ್ತರಾದ ಮೇಲೆ, ಕಲಬುರಗಿಯ ನಮ್ಮ ಮನೆಯ ಗ್ಯಾರೇಜಿನಲ್ಲಿ ಹದಿನಾಲ್ಕು ತಿಂಗಳು ಈ ಫಟಫಟಿಯ ಜೀರ್ಣೋದ್ಧಾರದಲ್ಲಿ ಕಳೆದೆವು. ಸಂಸ್ಕೃತ ಕಲಿಸಿದ ಕೈ ಎಣ್ಣೆಯ ಮಡ್ಡಿಗೆ ಇಳಿಯಿತೆಂದು ನೆರೆಯವರು ನಕ್ಕರು. ನಕ್ಕವರಲ್ಲಿ ಇಬ್ಬರು ಮರುವಾರವೇ ಪಾನಾ ಹಿಡಿದುಕೊಂಡು ಸಹಾಯಕ್ಕೆ ಬಂದರೆಂಬುದನ್ನೂ ಹೇಳಬೇಕು.

ಗಾಡಿಯು ನಮ್ಮ ಅಣ್ಣನವರದು. ಅವರು ನಮಗಿಂತ ಹನ್ನೆರಡು ವರ್ಷ ಹಿರಿಯರು. ತಂದೆಯವರು ಅಕಾಲದಲ್ಲಿ ತೀರಿಕೊಂಡಾಗ ಅವರು ತಮ್ಮ ಓದನ್ನು ಅರ್ಧಕ್ಕೆ ನಿಲ್ಲಿಸಿ, ಕಮಲಾಪುರದ ನಮ್ಮ ತೋಟದ ಭಾರವನ್ನು ಹೊತ್ತರು. ಕಮಲಾಪುರವು ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಸುಮಾರು 38 ಕಿಲೋಮೀಟರು ದೂರದಲ್ಲಿರುವುದು. ಅಲ್ಲಿಯ ಕೆಂಪುಬಾಳೆಯನ್ನು ಅರಿಯದವರು ನಮ್ಮ ಸೀಮೆಯಲ್ಲಿಲ್ಲ. ಈಗ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಸಿಪ್ಪೆಯು ತಾಮ್ರದ ಬಣ್ಣ, ತಿರುಳು ಕೆನೆಯ ಬಣ್ಣ. ಇತರ ಬಾಳೆಗಳು ಒಂದು ವರ್ಷದ ಸುಮಾರಿಗೆ ಗೊನೆ ಕೊಟ್ಟರೆ, ಇದು ಒಡೆಯನನ್ನು ಒಂದೂವರೆ ವರ್ಷ ಕಾಯಿಸುವುದು. ಕಾದು ಪಡೆದ ಗೊನೆಗಳು ಪೇಟೆಗೆ ಬರುವಷ್ಟರಲ್ಲಿ ಬಸ್ಸಿನ ಮೇಲೆ ಜಜ್ಜಿಹೋಗುತ್ತಿದ್ದುವು. ಆದುದರಿಂದ 1979ರಲ್ಲಿ ಅಣ್ಣನವರು, ವರ್ಗವಾಗಿ ಹೊರಟಿದ್ದ ಒಬ್ಬ ನೌಕರರಿಂದ ಒಂದು ಜೋಡಿ ಎತ್ತಿನ ಹಣಕ್ಕೆ ಈ ಗಾಡಿಯನ್ನು ಕೊಂಡರು. ಊರ ಕಮ್ಮಾರನಿಂದ ಬಂಡಿಯ ಗಾಲಿಯ ಹಳೆಯ ಕಬ್ಬಿಣಪಟ್ಟಿಗಳನ್ನು ತಟ್ಟಿಸಿ, ಹಿಂದಿನ ಗಾಲಿಯ ಎರಡೂ ಮಗ್ಗುಲಿಗೆ ಗೊನೆ ತೂಗುಹಾಕುವ ಒಂದು ಚೌಕಟ್ಟನ್ನು ಬೆಸೆಯಿಸಿದರು. ನೋಡುವುದಕ್ಕೆ ಅದು ಸುಂದರವಾದ ವಸ್ತುವಲ್ಲ. ಅಂದಗಾತಿಯ ನಡುವಿಗೆ ನೇಗಿಲು ಕಟ್ಟಿದಂತೆ ಕಾಣುತ್ತಿತ್ತು.

ವಾರಕ್ಕೆ ಎರಡು ಸಲ, ಬೆಳಗಿನ ಜಾವಕ್ಕೆ ಜಾವಾ ಹೊರಡುತ್ತಿತ್ತು. ಬೆನ್ನಿಗೆ ಗೊನೆ, ಮುಂದೆ ಅಣ್ಣನವರು, ಎರಡರ ನಡುವೆ ನಾವು. ಮಹಾಗಾಂವ ಕ್ರಾಸನ್ನೂ ಕುರಿಕೋಟಾ ಸೇತುವೆಯನ್ನೂ ದಾಟಿ ಕಲಬುರಗಿಯ ಹಣ್ಣಿನ ಬಜಾರಿನಲ್ಲಿ ಗೊನೆಗಳನ್ನು ಇಳಿಸಿ, ಅಲ್ಲಿಂದ ನಮ್ಮನ್ನು ವಿದ್ಯಾಲಯದ ಬಾಗಿಲಲ್ಲಿ ಇಳಿಸಿ ಅವರು ಮರಳುತ್ತಿದ್ದರು. ನಮ್ಮ ಫೀಜು, ಊಟದ ಖರ್ಚು, ವ್ಯಾಕರಣದ ಪುಸ್ತಕಗಳು, ಎಲ್ಲವೂ ಆ ಕಬ್ಬಿಣದ ಮೇಲೆಯೇ ಪೇಟೆಗೆ ಬಂದುವು. ಇಪ್ಪತ್ತನಾಲ್ಕು ವರ್ಷ ಗಾಡಿ ಹೀಗೆ ದುಡಿಯಿತು. 2003ರ ಒಂದು ರಾತ್ರಿ ದೀಪವಿಲ್ಲದ ಬಂಡಿಯೊಂದು ಎದುರಾಗಲು, ಅದನ್ನು ತಪ್ಪಿಸಹೋಗಿ ಅಣ್ಣನವರು ಹೊಲದ ಬದುವಿನ ಮೇಲೆ ಬಿದ್ದರು. ತೊಡೆಯ ಎಲುಬು ಮುರಿಯಿತು; ಗಾಡಿಯ ಪೆಟ್ರೋಲ್ ಟಾಕಿಗೆ ಅಂಗೈಯಗಲದ ತಗ್ಗು ಬಿದ್ದಿತು. ಮುಂದೆ ಎಂಟು ವರ್ಷ ಅವರು ಕೋಲು ಹಿಡಿದೇ ನಡೆದರು, ಗಾಡಿಯನ್ನು ಮುಟ್ಟಲಿಲ್ಲ. 2011ರಲ್ಲಿ ಕಾಲವಾದರು. ತೋಟವನ್ನು ಲಾವಣಿಗೆ ಕೊಟ್ಟು, ವೈನಿಯವರು ಕಲಬುರಗಿಗೆ ಬಂದು ನಮ್ಮೊಡನೆ ಇರತೊಡಗಿದರು. ಗಾಡಿಯು ತೋಟದ ಕೊಟ್ಟಿಗೆಯಲ್ಲಿಯೇ ಉಳಿಯಿತು. ಆ ಕೊಟ್ಟಿಗೆಯ ತಗಡು ಬೀಳುವ ಸ್ಥಿತಿಗೆ ಬಂದಾಗ, ಗುಜರಿಯವನೊಬ್ಬನು ಬಂದು ಅದನ್ನು ಕಿಲೋ ಲೆಕ್ಕದಲ್ಲಿ ಕೇಳಿದನು. ಆ ಮಾತು ನಮ್ಮ ಕಿವಿಗೆ ಬಿದ್ದ ಮರುದಿನವೇ ಟೆಂಪೋ ಮಾಡಿ ಗಾಡಿಯನ್ನು ಕಲಬುರಗಿಗೆ ತಂದೆವು.

ಇಲ್ಲಿ ಈ ಯಂತ್ರದ ಕುಲಗೋತ್ರಗಳನ್ನು ಸ್ವಲ್ಪ ಹೇಳುವುದು ಉಚಿತ. ಸಂಸ್ಕೃತದಲ್ಲಿ ‘ಜವ’ ಎಂದರೆ ವೇಗ. ಜಾವಾ ಎಂಬ ಹೆಸರು ಅಲ್ಲಿಂದ ಬಂದಿತೆಂದು ನಾವು ವಿದ್ಯಾರ್ಥಿದೆಸೆಯಲ್ಲಿ ಗೆಳೆಯರೊಡನೆ ಹೇಳಿ ನಗುತ್ತಿದ್ದುದುಂಟು. ನಿಜವು ಬೇರೆ. ಝೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬ ಉದ್ಯಮಿಯು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯಿಂದ ಮೋಟಾರ್ ಸೈಕಲ್ಲಿನ ತಯಾರಿಕೆಯ ಹಕ್ಕನ್ನು ಕೊಂಡು, ತನ್ನ ಹೆಸರಿನ ತಲೆಯನ್ನೂ ಅವರ ಹೆಸರಿನ ತಲೆಯನ್ನೂ ಜೋಡಿಸಿ ಈ ಶಬ್ದವನ್ನು ಮಾಡಿದನು. ಪಾಣಿನಿಯ ಪ್ರತ್ಯಾಹಾರಗಳನ್ನು ಬಲ್ಲವರಿಗೆ ಇಂಥ ಮಿತವ್ಯಯವು ಹೊಸತಲ್ಲ. ನಮ್ಮ ನಾಡಿನಲ್ಲಿ ರುಸ್ತುಂ ಇರಾನಿ, ಫರೂಕ್ ಇರಾನಿ ಎಂಬವರು 1960ರಲ್ಲಿ ಐಡಿಯಲ್ ಜಾವಾ ಎಂಬ ಸಂಸ್ಥೆಯನ್ನು ಕಟ್ಟಿ, ಮರುವರ್ಷದಿಂದ ಮೈಸೂರಿನ ಯಾದವಗಿರಿಯ ಕಾರಖಾನೆಯಲ್ಲಿ ಗಾಡಿಗಳನ್ನು ತಯಾರಿಸತೊಡಗಿದರು. ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹವು ಅದಕ್ಕಿತ್ತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ದಿ ಎಂದಾಯಿತು. 1996ರಲ್ಲಿ ಕಾರಖಾನೆಯು ಮುಚ್ಚಿತು. 2018ರಲ್ಲಿ ಬೇರೊಂದು ಸಂಸ್ಥೆಯವರು ಜಾವಾ ಎಂಬ ಹೆಸರಿನಲ್ಲಿ ಹೊಸ ಗಾಡಿಗಳನ್ನು ತಂದಿರುವರು. ಅವು ನಾಲ್ಕು ಹೊಡೆತದ ಯಂತ್ರಗಳಾದ ಕಾರಣ ಸದ್ದು ಬೇರೆ, ವಾಸನೆಯೂ ಬೇರೆ. ಹಳೆಯದನ್ನು ಉಳಿಸಿಕೊಂಡವರು ಪ್ರತಿವರ್ಷ ಜುಲೈ ತಿಂಗಳ ಎರಡನೆಯ ರವಿವಾರ ಬೆಂಗಳೂರು ಮೊದಲಾದ ಊರುಗಳಲ್ಲಿ ಗಾಡಿಗಳೊಡನೆ ಸೇರುವರು. ಕಾರಖಾನೆ ಮುಚ್ಚಿ ಇಷ್ಟು ವರ್ಷಗಳಾದರೂ ಬಿಡಿಭಾಗಗಳು ದೊರೆಯುವುದು ಇಂಥವರ ದೆಸೆಯಿಂದಲೇ.

ಗ್ಯಾರೇಜಿನ ಶಹಾಬಾದ ಫರಸಿಯ ಮೇಲೆ ಗಾಡಿಯನ್ನು ನಿಲ್ಲಿಸಿದಾಗ ಅದರ ಅವಸ್ಥೆ ಹೀಗಿತ್ತು: ಟಾಯರುಗಳು ಒಣಗಿ ಬಿರಿದಿದ್ದುವು, ತಂತಿಗಳನ್ನು ಇಲಿಗಳು ತಿಂದಿದ್ದುವು, ಎರಡು ಸೈಲೆನ್ಸರುಗಳಲ್ಲಿ ಒಂದರೊಳಗೆ ಕಣಜವು ಮಣ್ಣಿನ ಮನೆ ಕಟ್ಟಿತ್ತು. ಕಿಕ್ಕು ಅಲುಗಲಿಲ್ಲ. ಪಿಸ್ಟನ್ನು ಸಿಲಿಂಡರಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ಆಗ ನಮಗೆ ಒದಗಿದವರು ಒಬ್ಬ ಉಸ್ತಾದರು. ವಯಸ್ಸು ಎಪ್ಪತ್ತು ಮೀರಿದೆ. ಒಂದು ಕಾಲದಲ್ಲಿ ಕಲಬುರಗಿಯ ಜಾವಾಗಳೆಲ್ಲ ಅವರ ಕೈ ದಾಟಿ ಹೋದುವೇ. ಅವರು ಗಾಡಿಯನ್ನು ಸುತ್ತುಹಾಕಿ ನೋಡಿ, ಇಂಜಿನ್ನಿನ ಮೇಲೆ ಕೈಯಿಟ್ಟು, “ಮಾಸ್ತರ ಸಾಹೇಬ್ರ, ಅವಸರ ಮಾಡಬ್ಯಾಡ್ರಿ. ಸತ್ತಿಲ್ಲ ಇದು, ನಿದ್ದಿ ಮಾಡ್ಲತ್ತದ” ಎಂದರು. ಪ್ಲಗ್ಗನ್ನು ಬಿಚ್ಚಿ ಆ ರಂಧ್ರದಲ್ಲಿ ಡೀಸೆಲನ್ನೂ ಎಣ್ಣೆಯನ್ನೂ ಬೆರೆಸಿ ಹೊಯ್ದು, ಅರಿವೆಯಿಂದ ಮುಚ್ಚಿ ಹೋದರು. ಸುತ್ತಿಗೆ ಮುಟ್ಟಕೂಡದೆಂದು ಅವರ ಕಟ್ಟಪ್ಪಣೆ. ನಾವು ದಿನವೂ ಸ್ನಾನವಾದ ಮೇಲೆ ಹೋಗಿ, ಗೇರಿನಲ್ಲಿಟ್ಟ ಹಿಂದಿನ ಗಾಲಿಯನ್ನು ಮೆಲ್ಲಗೆ ಹಿಂದೆ ಮುಂದೆ ತೂಗಿ, ಒಂದಿಷ್ಟು ಎಣ್ಣೆ ಬಿಟ್ಟು ಬರುತ್ತಿದ್ದೆವು. ಮನೆಯಾಕೆ ಇದನ್ನು ‘ಅಭಿಷೇಕ’ವೆಂದು ಕರೆದಳು. ಒಂಬತ್ತನೆಯ ದಿನ ಗಾಲಿಯು ಕೂದಲೆಳೆಯಷ್ಟು ಅಲುಗಿತು. ಹನ್ನೊಂದನೆಯ ದಿನ ಪಿಸ್ಟನ್ನು ನಿಟ್ಟುಸಿರಿನಂಥ ಒಂದು ಸದ್ದು ಮಾಡಿ ಕೆಳಗಿಳಿಯಿತು.

ಈ ಯಂತ್ರವು ಎರಡು ಹೊಡೆತದ್ದು. ಇದಕ್ಕೆ ಕವಾಟಗಳಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ತೆರೆಯುವುದು, ಮುಚ್ಚುವುದು. ತಾನೇ ಯಜಮಾನ, ತಾನೇ ದ್ವಾರಪಾಲಕ. ಪಿಸ್ಟನ್ನು ಇಳಿಯುವಾಗ ಕೆಳಗಿನ ಕೋಣೆಯಲ್ಲಿರುವ ಪೆಟ್ರೋಲು ಗಾಳಿಗಳ ಮಿಶ್ರಣವು ಒತ್ತಡಕ್ಕೆ ಸಿಕ್ಕಿ ಮೇಲಕ್ಕೇರುವುದು. ಆದುದರಿಂದ ಆ ಕೋಣೆಯ ಎರಡೂ ಬದಿಯ ರಬ್ಬರ್ ಸೀಲುಗಳು ಒಣಗಿದರೆ ಯಂತ್ರವು ಅಲ್ಲಿಂದ ಗಾಳಿಯನ್ನೆಳೆದು, ಉಬ್ಬಸದವನಂತೆ ಏದುವುದು. ಬೇರೆ ಎಣ್ಣೆಯ ಏರ್ಪಾಟು ಇಲ್ಲದ ಕಾರಣ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಲೀಟರಿಗೆ 40 ಮಿಲಿಲೀಟರೆಂದು ಉಸ್ತಾದರ ಲೆಕ್ಕ. ಮರೆತು ಬರಿಯ ಪೆಟ್ರೋಲು ಹಾಕಿದರೆ ಪಿಸ್ಟನ್ನು ಮತ್ತೆ ಕಚ್ಚಿಕೊಳ್ಳುವುದು. ಇಂಜಿನ್ನನ್ನು ಪೂರ್ಣವಾಗಿ ಬಿಚ್ಚಿದಾಗ ಸಿಲಿಂಡರಿನ ಒಳಮೈ ಅಲ್ಲಲ್ಲಿ ಕೊರೆದುಹೋದುದು ಕಂಡಿತು. ಅದರ ಮೂಲ ಅಳತೆ 65 ಮಿಲಿಮೀಟರು. ಲೇಥಿನ ಅಂಗಡಿಯಲ್ಲಿ ಅರ್ಧ ಮಿಲಿಮೀಟರು ಅಗಲಿಸಿ, ಅದಕ್ಕೆ ಸರಿಯಾದ ಹೊಸ ಪಿಸ್ಟನ್ನನ್ನೂ ರಿಂಗುಗಳನ್ನೂ ಕೂಡಿಸಿದೆವು. ಸೀಲುಗಳು, ಬೇರಿಂಗುಗಳು, ಕ್ಲಚ್ಚಿನ ತಟ್ಟೆಗಳು ಹೊಸವು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದಾಗಿ ಹಳೆಯ ರಬ್ಬರು ಅದನ್ನು ತಾಳದು. ಆ ನಳಿಗೆಯನ್ನೂ ಬದಲಿಸಿದೆವು.

ಇನ್ನು ಈ ಗಾಡಿಯ ಒಂದು ಚಮತ್ಕಾರವನ್ನು ಹೇಳದೆ ಮುಂದುವರಿಯಲಾರೆವು. ಇದಕ್ಕೆ ಕಿಕ್ಕೂ ಗೇರೂ ಒಂದೇ ಸನ್ನೆಕೋಲು. ಎಡಗಡೆಯ ಆ ಕೋಲನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿ ತುಳಿದರೆ ಇಂಜಿನ್ನು ಹೊತ್ತಿಕೊಳ್ಳುವುದು. ಮುಂದಕ್ಕೆ ಮಲಗಿಸಿದರೆ ಅದೇ ಗೇರಾಗುವುದು. ಒಂದೇ ಪದವು ಎರಡರ್ಥಗಳನ್ನು ಹೊರುವ ಶ್ಲೇಷಾಲಂಕಾರವನ್ನು ಮಕ್ಕಳಿಗೆ ತಿಳಿಸಲು ನಾವು ಎಷ್ಟೋ ಶ್ರಮಪಟ್ಟೆವು. ಶಾಲೆಯಂಗಳಕ್ಕೆ ಈ ಗಾಡಿಯನ್ನು ಒಯ್ದಿದ್ದರೆ ಸಾಕಾಗುತ್ತಿತ್ತು.

ಟಾಕಿಯ ಒಳಗಿನ ತುಕ್ಕಿಗೆ ಮದ್ದು ಹೇಳಿದವರು ವೈನಿಯವರು. ಅಲ್ಲಿಯವರೆಗೆ ಅವರು ಗ್ಯಾರೇಜಿನ ಕಡೆಗೆ ಬಂದಿರಲಿಲ್ಲ. ದಾರಿ ಅಲ್ಲಿಂದಲೇ ಇದ್ದರೂ ಸುತ್ತಿ ಹಿತ್ತಲಿನಿಂದ ಹೋಗುತ್ತಿದ್ದರು. ಒಂದು ದಿನ ಬಾಗಿಲಲ್ಲಿ ನಿಂತು, “ತಮ್ಮಾ, ತಾಮ್ರದ ಹಂಡೆಕ್ಕ ಹಚ್ಚೂದು ಇದಕ್ಕ ಯಾಕ ಆಗೂದಿಲ್ಲ?” ಎಂದರು. ಒಂದು ಕಿಲೋ ಹಳೆಯ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ಕಿವಿಚಿ ಸೋಸಿ, ಆ ರಸವನ್ನು ಟಾಕಿಗೆ ತುಂಬಿ, ಹಿಡಿಯಷ್ಟು ನಟ್ಟುಗಳನ್ನು ಹಾಕಿ ದಿನಕ್ಕೆ ನಾಲ್ಕು ಸಲ ಅಲುಗಾಡಿಸಿದೆವು. ಮೂರು ದಿನಗಳ ಮೇಲೆ ಹೊರಬಂದ ದ್ರವವು ಮಸಿಯಂತಿತ್ತು. ಮತ್ತೊಮ್ಮೆ ತುಂಬಿ, ಅಡಿಗೆ ಸೋಡಾದ ನೀರಿನಿಂದ ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಎಣ್ಣೆ ಸವರಿದೆವು. ಒಣಗಿಸಿ ಎಣ್ಣೆ ಸವರದೆ ಬಿಟ್ಟರೆ ಮರುದಿನವೇ ತುಕ್ಕು ಮರಳುವುದೆಂಬುದನ್ನು ಈ ಕೆಲಸಕ್ಕೆ ಕೈಹಾಕುವ ವಾಚಕರು ಲಕ್ಷ್ಯದಲ್ಲಿಡತಕ್ಕದ್ದು.

ಹೀಗೆ ಒಂದರ ಮೇಲೊಂದು ಹೊಸ ಭಾಗಗಳು ಬರುತ್ತಿರಲು ನಮ್ಮೊಳಗಿನ ಹಳೆಯ ವಿದ್ಯಾರ್ಥಿಯು ಎಚ್ಚತ್ತನು. ಇದು ಅಣ್ಣನವರ ಗಾಡಿಯೇ, ಬೇರೆಯೇ? ವೈಶೇಷಿಕರು ಇಲ್ಲಿ ನಿಷ್ಠುರರು. ಬಟ್ಟೆಯಿಂದ ಒಂದು ನೂಲನ್ನು ತೆಗೆದರೆ ಮೊದಲಿನ ಬಟ್ಟೆಯು ನಾಶವಾಗಿ ಬೇರೊಂದು ಹುಟ್ಟಿತೆಂದು ಅವರ ಮತ. ಆ ಲೆಕ್ಕದಲ್ಲಿ ನಾವು ವೈಸರೊಂದನ್ನು ಬದಲಿಸಿದಾಗಲೆಲ್ಲ ಒಂದು ಜಾವಾ ಸತ್ತು ಇನ್ನೊಂದು ಹುಟ್ಟಿರಬೇಕು. ವೈಯಾಕರಣರು ಸಂಸಾರಿಗಳಿಗೆ ಹತ್ತಿರದವರು. ಒಂದು ಧಾತುವಿನ ಸ್ಥಾನದಲ್ಲಿ ಮತ್ತೊಂದು ಆದೇಶವಾಗಿ ಬಂದರೆ, ಬಂದವನಿಗೆ ಹೋದವನ ಹಕ್ಕುಬಾಧ್ಯತೆಗಳೆಲ್ಲ ಸಲ್ಲುವುವೆಂದು ಅವರು ಒಪ್ಪುವರು. ಇದಕ್ಕೆ ಸ್ಥಾನಿವದ್ಭಾವವೆಂದು ಹೆಸರು. ಹೊಸ ಪಿಸ್ಟನ್ನನ್ನು ನಾವು ಈ ನ್ಯಾಯದಿಂದ ಮನೆಯೊಳಗೆ ಸೇರಿಸಿಕೊಂಡೆವು. ಆದರೆ ಆ ಸೂತ್ರಕ್ಕೊಂದು ಎಲ್ಲೆಯುಂಟು. ಮೂಲದ ವರ್ಣವನ್ನೇ ಆಶ್ರಯಿಸಿ ನಡೆಯಬೇಕಾದ ಕಾರ್ಯವಿದ್ದಲ್ಲಿ ಬದಲಿಗೆ ಬಂದುದು ಮೂಲದಂತೆ ನಡೆಯಲಾರದು. ಗಾಡಿಯಲ್ಲಿ ಅಂಥ ಸ್ಥಳ ಯಾವುದು? ಲೋಪ, ಆಗಮ, ಆದೇಶಗಳನ್ನು ನಮ್ಮ ಮಕ್ಕಳೆಲ್ಲರೂ ಕನ್ನಡ ಸಂಧಿಗಳಲ್ಲಿ ಕಲಿತಿರುವರಷ್ಟೆ. ಲೋಪವಾದುದು ಹತ್ಯಾರಿನ ಪೆಟ್ಟಿಗೆಯ ಮುಚ್ಚಳ, ಹವಾ ಹೊಡೆಯುವ ಪಂಪು, ಅವುಗಳ ಚಿಂತೆಯಿರಲಿಲ್ಲ. ಚಿಂತೆಯೆಲ್ಲವೂ ಆಗಮದ್ದು, ಎಂದರೆ ಆ ಕಬ್ಬಿಣದ ಚೌಕಟ್ಟಿನದು.

ಅಣ್ಣನವರ ಮಗನು ಪುಣೆಯಲ್ಲಿ ಕೆಲಸದಲ್ಲಿರುವನು. ದೀಪಾವಳಿಗೆ ಬಂದವನು ಗಾಡಿಯನ್ನು ನೋಡಿ ಹರ್ಷಪಟ್ಟನು. ಮೈಬಣ್ಣವನ್ನು ಮೊದಲಿನ ಕಡುಗೆಂಪಿಗೆ ತರಬೇಕೆಂಬುದರಲ್ಲಿ ನಮಗೆಲ್ಲರಿಗೂ ಒಮ್ಮತವಿತ್ತು. ಆಮೇಲೆ ಅವನು, “ಕಾಕಾ, ಈ ಕ್ಯಾರಿಯರ್ ಕತ್ತರಿಸಿ ಒಗೀರಿ. ಕಂಪನೀದು ಅಲ್ಲ ಇದು, ನೋಡಿದವ್ರು ನಗ್ತಾರ. ಟಾಕಿ ಮ್ಯಾಲಿನ ತಗ್ಗು ಮಾತ್ರ ಹಂಗೇ ಇರ್ಲಿ. ಅಪ್ಪನ ನೆನಪದು” ಎಂದನು. ಹಳೆಯ ಗಾಡಿಗಳ ಪ್ರಿಯರು ಹಾಗೆಯೇ ಮಾಡುವರೆಂದೂ, ಗಾಡಿಯು ಕಾರಖಾನೆಯಿಂದ ಬಂದಂತೆಯೇ ಇರಬೇಕಾದುದರಿಂದ ಹೊರಗಿನಿಂದ ಸೇರಿಸಿದ್ದನ್ನು ತೆಗೆದು ಕಾಲದ ಗುರುತನ್ನು ಉಳಿಸುವುದೇ ಕ್ರಮವೆಂದೂ ವಿವರಿಸಿದನು. ಮಾತು ಶಾಸ್ತ್ರೀಯವಾಗಿಯೇ ಇತ್ತು. ಉಸ್ತಾದರು ಕೈಯೊರೆಸಿಕೊಳ್ಳುತ್ತ ನಮ್ಮ ಮುಖವನ್ನು ನೋಡಿದರು. ನಾವು ಉತ್ತರವನ್ನು ಹುಡುಕುತ್ತಿರುವಾಗ ಬಾಗಿಲಿನಿಂದ ವೈನಿಯವರ ಧ್ವನಿ ಕೇಳಿಸಿತು.

“ಆ ತಗ್ಗು ಏನ್ ನೆನಪಪ್ಪಾ? ಅವ್ರು ಬಿದ್ದಿದ್ದು ನೆನಪು. ಎಂಟು ವರ್ಷ ಕೋಲ್ ಹಿಡಿದು ಅಡ್ಡಾಡಿದ್ದು ನೆನಪು. ಮೊದಲ ಅದನ್ನ ತೆಗೆಸ್ರಿ. ಆ ಕಬ್ಬಿಣ ಮುಟ್ಟಬ್ಯಾಡ್ರಿ. ನಾವು ಉಂಡಿದ್ದೆಲ್ಲಾ ಅದರ ಮ್ಯಾಗ ಬಂದದ.”

ಹುಡುಗನು ಮಾತನಾಡಲಿಲ್ಲ. ವೈನಿಯವರು ಒಳಗೆ ಬಂದು, ಚೌಕಟ್ಟಿನ ಒಂದು ಪಟ್ಟಿಯನ್ನು ಮುಟ್ಟಿ ತೋರಿಸಿದರು. ಗೊನೆಗಳ ಕಾವು ಉಜ್ಜಿ ಉಜ್ಜಿ ಅಲ್ಲಿ ಕಬ್ಬಿಣವು ಸವೆದು ನುಣುಪಾಗಿತ್ತು. ಹದಿನಾಲ್ಕು ತಿಂಗಳು ಆ ಗಾಡಿಯ ಒಂದೊಂದು ತಿರುಪನ್ನೂ ಕೈಯಲ್ಲಿ ಹಿಡಿದು ನೋಡಿದ ನಮಗೆ ಆ ನುಣುಪು ಕಂಡಿದ್ದಿತು; ಅದು ಗೊನೆಯದೆಂದು ಹೊಳೆದಿದ್ದುದು ಅವರಿಗೆ. ವಾರದೊಳಗೆ ತಗ್ಗನ್ನು ಒಳಗಿನಿಂದ ಒತ್ತಿ ತೆಗೆಸಿ ಬಣ್ಣ ಹೊಡೆಯಿಸಿದೆವು. ಚೌಕಟ್ಟಿಗೆ ತುಕ್ಕು ತಿಕ್ಕಿ ಬರಿಯ ಎಣ್ಣೆ ಸವರಿದೆವು. ಅದಕ್ಕೆ ಬಣ್ಣ ಬೇಡವೆಂದು ಅವರೇ ಹೇಳಿದರು.

ಇಂಜಿನ್ನು ಮೊದಲು ಹೊತ್ತಿಕೊಂಡ ದಿನದ ವರ್ಣನೆಯನ್ನು ಬೆಳೆಸುವುದಿಲ್ಲ. ಇಪ್ಪತ್ತಾರು ಸಲ ತುಳಿದು ಕಾಲು ಸೋತ ಮೇಲೆ ಉಸ್ತಾದರು ಪಾಯಿಂಟುಗಳ ನಡುವೆ ಬೀಡಿಯ ಕಟ್ಟಿನ ಕಾಗದವನ್ನೆಳೆದು ಒರೆಸಿದರು, ಇಪ್ಪತ್ತೇಳನೆಯದಕ್ಕೆ ಹೊತ್ತಿತು. ಗ್ಯಾರೇಜು ಹೊಗೆಯಿಂದ ತುಂಬಿ, ಉಳಿದಿದ್ದ ಕಣಜಗಳೂ ಹಾರಿಹೋದುವು.

ಇನ್ನುಳಿದುದು ಕಾಗದಪತ್ರ. ಹಳೆಯ ಮೈಸೂರು ರಾಜ್ಯದ ಅಕ್ಷರಗಳುಳ್ಳ ನಂಬರು. ನೋಂದಣಿಯ ಅವಧಿ ಮುಗಿದು ಎಷ್ಟೋ ವರ್ಷ. 2021ರಲ್ಲಿ ಕೇಂದ್ರ ಸರಕಾರವು ಐವತ್ತು ವರ್ಷ ಮೀರಿದ ವಾಹನಗಳಿಗೆಂದು ಬೇರೆ ನಿಯಮವನ್ನೇ ಮಾಡಿತು. ವಾಹನವು ಮೂಲರೂಪದಲ್ಲಿರತಕ್ಕದ್ದು, ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ನೋಂದಣಿಯು ಹತ್ತು ವರ್ಷ ನಡೆಯುವುದು. ಆದರೆ ಅಂಥ ವಾಹನವನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮೊದಲಾದವುಗಳಿಗೆ ವಿನಾ ದಿನಬಳಕೆಗೆ ರಸ್ತೆಯ ಮೇಲೆ ಓಡಿಸಕೂಡದು. ಸೋದರಳಿಯನಂತೆ ಸಲುಗೆಯ ನಮ್ಮೊಬ್ಬ ಹಳೆಯ ಶಿಷ್ಯನು, ಈಗ ವಕೀಲನಾಗಿರುವವನು, ಇದನ್ನು ಓದಿ ಹೇಳಿದಾಗ ವೈನಿಯವರು, “ಓಡಸಬಾರದಂದ್ರ ಇಷ್ಟು ದಿನ ಏನ್ ಮಾಡ್ಲತ್ತಿದ್ರಿ?” ಎಂದು ಕೇಳಿದರು. ನಾವು ಸಾಮಾನ್ಯ ನವೀಕರಣದ ದಾರಿಯನ್ನೇ ಹಿಡಿದೆವು; ಐದು ವರ್ಷಕ್ಕೊಮ್ಮೆ ಮತ್ತೆ ಹೋಗಬೇಕು, ಆಗಲಿ. ಮೊದಲು ಗಾಡಿಯು ವೈನಿಯವರ ಹೆಸರಿಗೆ ವರ್ಗವಾಯಿತು. ತಪಾಸಣೆಯ ದಿನ ಇಂಜಿನ್ನಿನ ಅಂಕಿಯನ್ನೂ ಚಾಸಿಯ ಅಂಕಿಯನ್ನೂ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದರು. ಸರಕಾರದ ಮತದಲ್ಲಿ ಗಾಡಿಯ ಆತ್ಮವು ಆ ಎರಡು ಅಂಕಿಗಳಲ್ಲಿದೆ. ವೈಶೇಷಿಕರಿಗಿಂತ ಅವರು ಉದಾರಿಗಳು. ಅಧಿಕಾರಿಯು ಚೌಕಟ್ಟನ್ನು ನೋಡಿ, “ಇದೇನ್ರಿ ಗುರುಗಳ?” ಎಂದನು. “ಬಾಳಿಗೊನಿ ಹೇರೂದು” ಎಂದೆವು. ಅವನು ಕಮಲಾಪುರದ ಅಳಿಯನಂತೆ. ನಕ್ಕು ಸಹಿ ಮಾಡಿದನು.

ಮಾರ್ಗಶಿರದ ಒಂದು ಬೆಳಗಿನ ಜಾವ ನಾವು ಒಬ್ಬರೇ ಕಮಲಾಪುರಕ್ಕೆ ಹೊರಟೆವು. ಬರುವಿರಾ ಎಂದು ವೈನಿಯವರನ್ನು ಕೇಳಿದಾಗ, “ನಾ ಯಾಕ? ಗೊನಿ ತಗೊಂಡು ಬಾ” ಎಂದಿದ್ದರು. ತೊಗರಿಯ ಹೊಲಗಳ ಮೇಲೆ ಮಂಜಿತ್ತು. ಗಂಟೆಗೆ ನಲವತ್ತು ಕಿಲೋಮೀಟರು ಮೀರದಂತೆ ಉಸ್ತಾದರ ಅಪ್ಪಣೆಯಿದ್ದಿತು, ಹೊಸ ಪಿಸ್ಟನ್ನು ಪಳಗಬೇಕಲ್ಲವೆ. ನಮ್ಮ ತೋಟದಲ್ಲಿ ಈಗ ಕೆಂಪುಬಾಳೆಯಿಲ್ಲ, ಲಾವಣಿದಾರನು ಕಬ್ಬು ಹಾಕಿರುವನು. ಪಕ್ಕದ ತೋಟದವರಲ್ಲಿ ಎರಡು ಗೊನೆಗಳನ್ನು ಕೊಂಡು, ಬಾಳೆಯ ಒಣನಾರಿನಿಂದ ಚೌಕಟ್ಟಿನ ಎರಡೂ ಬದಿಗೆ ಕಟ್ಟಿದೆವು. ಒಂದೇ ಬದಿಗೆ ಕಟ್ಟಿದರೆ ಗಾಡಿ ವಾಲುವುದೆಂದು ಅಣ್ಣನವರು ಹೇಳುತ್ತಿದ್ದರು. ನಾಲ್ಕು ಬಾಳೆಕಂದುಗಳನ್ನೂ ಕೇಳಿ ತಂದೆವು, ಹಿತ್ತಲಿನಲ್ಲಿ ನೆಡಲು. ಮರಳುವಾಗ ಓಣಿಯ ತಿರುವಿನಲ್ಲಿ ನಾವು ಗೇರು ಇಳಿಸುವುದರೊಳಗೆ ಮನೆಯ ಗೇಟು ತೆರೆದಿತ್ತು. ವೈನಿಯವರು ಕೈಯಲ್ಲಿ ಜೋಳದ ಹಿಟ್ಟಿದ್ದಂತೆಯೇ ಹೊರಗೆ ನಿಂತಿದ್ದರು. ಗೊನೆ ಇಳಿಸಿಕೊಳ್ಳುತ್ತ, “ಬಲಕಿನ ಬಾಜು ಸಪ್ಪಳ ಸಣ್ಣದದ. ಮೊದಲ ಹಿಂಗಿರಲಿಲ್ಲ” ಎಂದರು.

ಉಸ್ತಾದರಿಗೆ ಹೇಳಿ ಕಳುಹಿದೆವು. ಬಲಗಡೆಯ ಸೈಲೆನ್ಸರಿನೊಳಗೆ ಇನ್ನೂ ಕಣಜದ ಮಣ್ಣು ಉಳಿದಿರಬೇಕೆಂದು ಅವರ ಅನುಮಾನ. ಡೈನಮೋ ಸಹ ಮಂದವಾಗಿದ್ದು, ಇಂಜಿನ್ನು ನಿಧಾನವಾದಾಗ ದೀಪವು ಹಣತೆಯಂತಾಗುವುದು. ಮುಂದಿನ ರವಿವಾರ ಎರಡನ್ನೂ ಬಿಚ್ಚುವುದೆಂದು ಗೊತ್ತಾಗಿದೆ.